ಒಗ್ಗರಣೆ: ಯಜ್ಞವೇದಿಯಿಂದ ದಾಸೋಹದ ಒಲೆಗೆ

ಜಾತ್ರೆಯ ದಿನ ದಾಸೋಹದ ಒಲೆಯ ಮೇಲೆ ತೊಗರಿಬೇಳೆ ಬೆಂದಿದ್ದರೂ ಅದು ಇನ್ನೂ ಸಾರಲ್ಲ. ಕಾದ ಎಣ್ಣೆಯಲ್ಲಿ ಸಾಸಿವೆ ಚಟಪಟ ಸಿಡಿದು, ಇಂಗಿನ ವಾಸನೆ ಪಂಕ್ತಿಯವರೆಗೆ ಬಂದಾಗಲೇ ಕುಳಿತ ಭಕ್ತಾದಿಗಳಿಗೆ ಊಟ ಸಿದ್ಧವಾಯಿತೆಂದು ತಿಳಿಯುವುದು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳ ಹಿರಿಯರು ಇದಕ್ಕೆ 'ವಗ್ಗರಣಿ' ಎನ್ನುತ್ತಾರೆ. ಪುಸ್ತಕದಲ್ಲಿ ಬರೆಯುವುದು 'ಒಗ್ಗರಣೆ'. ಮರಾಠಿ ಶಾಲೆಗೆ ಹೋಗುವ ಮಕ್ಕಳ ಬಾಯಲ್ಲಿ ಅದೇ 'ಫೋಡಣಿ'.

ಒಗ್ಗರಣೆ ಎಂದರೆ ಅಡುಗೆಗೆ 'ಒಗ್ಗುವಂತೆ' ಮಾಡುವುದು ಎಂದು ತಿಳಿಯುವುದು ಸಹಜ. ಆದರೆ ಪಂಡಿತರು ತೋರಿಸುವ ಮೂಲ ಬೇರೆ. ಸಂಸ್ಕೃತದ 'ವ್ಯಾಘಾರಣ' ಎಂಬುದು ಯಜ್ಞಕರ್ಮದ ಶಬ್ದ; ಉತ್ತರವೇದಿಯ ಮೂಲೆಗಳ ಮೇಲೆ, ನಡುವೆ ತುಪ್ಪ ಸುರಿಯುವುದಕ್ಕೆ ಆ ಹೆಸರು. ಅದರ ಧಾತು 'ಘೃ', ಅಂದರೆ ಸಿಂಪಡಿಸು. ತುಪ್ಪಕ್ಕೆ 'ಘೃತ' ಎಂಬ ಹೆಸರು ಬಂದದ್ದೂ ಅದೇ ಧಾತುವಿನಿಂದ. ವ್ಯಾಘಾರಣ ಜನರ ನಾಲಿಗೆಯಲ್ಲಿ ಸವೆದು ವಗ್ಗರಣೆಯಾಯಿತು, ಒಗ್ಗರಣೆಯಾಯಿತು. ಹಾಗೆ ನೋಡಿದರೆ ಗಡಿಭಾಗದ ಅಜ್ಜಿಯರ 'ವಗ್ಗರಣಿ'ಯೇ ಮೂಲಕ್ಕೆ ಹೆಚ್ಚು ಸಮೀಪ. ಅದನ್ನು ಹಳ್ಳಿಯ ತಪ್ಪು ಉಚ್ಚಾರವೆಂದು ನಗುವವರು ಇದನ್ನು ಗಮನಿಸಬೇಕು.

ಗುಜರಾತಿಯ 'ವಘಾರ್', ಹಿಂದಿಯ 'ಬಘಾರ್' ಇದೇ ಬಳಗದವು. ದಖನಿ ಮಾತಿನ ಮನೆಗಳಲ್ಲಿ ಮಾಡುವ 'ಬಗಾರಾ ಬೈಂಗನ್' ಕೂಡ ಒಗ್ಗರಣೆಯ ಬದನೆಕಾಯಿಯೇ. ಫೋಡಣಿ ಮಾತ್ರ ಬೇರೆ ಕುಲದ್ದು. ಮರಾಠಿಯ 'ಫೋಡಣೆ', ಅಂದರೆ ಒಡೆಯುವುದು, ಸಿಡಿಯುವುದು ಎಂಬುದರಿಂದ ಬಂದದ್ದು. ಒಂದು ಹೆಸರು ತುಪ್ಪವನ್ನು ಹಿಡಿಯಿತು, ಇನ್ನೊಂದು ಸಾಸಿವೆಯನ್ನು ಹಿಡಿಯಿತು. ಇತ್ತ ಮರಾಠಿಯ 'ತೂಪ' ಎಂಬುದು ಕನ್ನಡದ 'ತುಪ್ಪ'ವೇ ಎಂದು ಹಲವು ವಿದ್ವಾಂಸರ ಮತ. ಕೊಟ್ಟುಕೊಳ್ಳುವ ವ್ಯವಹಾರ ಹಳೆಯದು.

ಈ ಸೀಮೆಗೆ ಅಡುಗೆಯ ಶಾಸ್ತ್ರವೇನೂ ಹೊಸದಲ್ಲ. ಉಮರ್ಗಾದಿಂದ ದೂರವಲ್ಲದ ಬಸವಕಲ್ಯಾಣವು ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅಡಿಗೆಗಾಗಿಯೇ ಒಂದು ಭಾಗವಿದೆ. ಇಂಗು, ಮೆಣಸು, ಜೀರಿಗೆ ಅದರಲ್ಲಿ ಬರುತ್ತವೆ. ಒಣಮೆಣಸಿನಕಾಯಿ ಇಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ತುಗೀಸರು 1498ರಲ್ಲಿ ಭಾರತಕ್ಕೆ ಬಂದ ನಂತರವೇ ಇಲ್ಲಿಗೆ ಬಂತು. ಇಂದು ಅದಿಲ್ಲದೆ ಒಗ್ಗರಣೆ ಹಾಕಿದರೆ ಈ ಭಾಗದವರು ಪಥ್ಯದ ಊಟವೆನ್ನುತ್ತಾರೆ!

ನಿಜಾಮರ ಕಾಲದಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು. ಈ ಎರಡು ತಾಲೂಕುಗಳು, ಅಹಮದಪುರದೊಡನೆ, ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಮಹಾರಾಷ್ಟ್ರವಾಯಿತು. ಕಚೇರಿಯ ಕಾಗದ, ಶಾಲೆಯ ಪಾಠ, ಅಂಗಡಿಯ ಫಲಕ ಎಲ್ಲ ಮರಾಠಿಯಾದವು. ಕನ್ನಡ ಓದಲು ಬಾರದ ಎರಡು ತಲೆಮಾರು ಬೆಳೆದ ಮನೆಗಳಿವೆ. ಲೆಕ್ಕದ ಮಾತು, ಪೇಟೆಯ ಮಾತು ಮೊದಲು ಹೋದವು. ಒಲೆಯ ಸುತ್ತಲಿನ ಮಾತು ಹೆಂಗಸರ ಬಾಯಲ್ಲಿ ಉಳಿಯಿತು. ಈಗ ಅದೂ ಸಡಿಲವಾಗುತ್ತಿದೆ. ಅತ್ತೆ "ವಗ್ಗರಣಿ ಹಾಕವಾ" ಎಂದರೆ ಸೊಸೆ "ಫೋಡಣಿ ಆಯ್ತ್ರೀ ಅತ್ತಿ" ಎನ್ನುತ್ತಾಳೆ. ಜಗಳವೇನಿಲ್ಲ, ಸಾರು ಒಂದೇ.

ದಾಸೋಹದ ಅಡುಗೆಮನೆಯಲ್ಲಿ ಮಾತ್ರ ದೊಡ್ಡ ಕಡಾಯಿಯ ಬಳಿ ನಿಂತ ಹಿರಿಯರ ಕೂಗು ಇನ್ನೂ "ವಗ್ಗರಣಿ ತರ್ರಿ!" ಎಂದೇ ಕೇಳಿಸುತ್ತದೆ. ಸೇವೆಗೆ ಬಂದ ಮರಾಠಿ ಹುಡುಗರೂ ಅದನ್ನು ಕೇಳಿದ ಕೂಡಲೇ ಸೌಟು ಹಿಡಿದು ಓಡುತ್ತಾರೆ.