‘ಮಾರ್ಚ್’ ಎಂಬ ಮಾತಿನ ಎಲ್ಲೆ

ಮಾರ್ಚ್ ಎಂದೊಡನೆ ನಮ್ಮ ಮನೆಗಳ ಮಕ್ಕಳಿಗೆ ಪರೀಕ್ಷೆಯೂ ಹಿರಿಯರಿಗೆ ವರ್ಷದ ಲೆಕ್ಕಪತ್ರವೂ ನೆನಪಿಗೆ ಬರುವುವು. ಕವಾಯತಿನ ಮೈದಾನದಲ್ಲಿ ಅದೇ ಶಬ್ದ ನಡಿಗೆಯಾಗುವುದು. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಇನ್ನೊಂದು ಅರ್ಥವುಂಟು: ಗಡಿನಾಡು. ಗಡಿಯಲ್ಲಿ ಬಾಳುವ ನಾವು ತಿಳಿಯತಕ್ಕದ್ದು ಅದನ್ನೇ.

ತಿಂಗಳಿನ ಕಥೆ ಸರಳ. ರೋಮನರ ಯುದ್ಧದೇವತೆ ಮಾರ್ಸ್. ಅವನ ತಿಂಗಳು ಮಾರ್ತಿಯುಸ್. ಅವರ ಪ್ರಾಚೀನ ವರ್ಷ ಅಲ್ಲಿಂದ ಮೊದಲಾಗುತ್ತಿತ್ತು. ಒಂಬತ್ತನೆಯದಾದ ಸೆಪ್ಟೆಂಬರಿನ ಹೆಸರಿನಲ್ಲಿ ‘ಏಳು’ ಅಡಗಿರುವುದು ಇದರಿಂದಲೇ. ಇಂಗ್ಲೆಂಡಿನ ಕಾನೂನಿನ ವರ್ಷವೂ 1751ರವರೆಗೆ ಮಾರ್ಚ್ 25ರಂದೇ ಆರಂಭವಾಗುತ್ತಿತ್ತು.

ಗಡಿಯ ಮಾರ್ಚಿಗೆ ಮೂಲ ಬೇರೆ. ಜರ್ಮಾನಿಕ್ ಭಾಷೆಗಳಲ್ಲಿ ‘ಮಾರ್ಕ’ ಎಂದರೆ ಎಲ್ಲೆ, ಗುರುತು. ಅದು ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಬಂದಿತು. ನಡೆಯುವುದು ಎಂಬರ್ಥದ ಫ್ರೆಂಚ್ ಧಾತುವೂ ಇದರ ಒಡಹುಟ್ಟೇ ಎಂದು ಅನೇಕ ಪಂಡಿತರ ಮತ. ನಡೆದವನು ನೆಲದ ಮೇಲೆ ಹೆಜ್ಜೆಗುರುತು ಬಿಡುತ್ತಾನಲ್ಲವೆ? ಡೆನ್ಮಾರ್ಕಿನ ಕೊನೆಯಲ್ಲಿರುವುದೂ ಈ ಮಾರ್ಕವೇ. ಗಡಿಸೀಮೆಯನ್ನು ಕಾಯುವ ದೊರೆ ಮಾರ್ಕ್ವಿಸ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ದೊರೆತ ಬಿರುದು ಇದೇ. ನಮ್ಮ ಕಾಸರಗೋಡು ಸೀಮೆ ಕಂಪನಿಯ ಕೈಸೇರಿದುದೂ ಅದೇ ವರ್ಷ!

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಮರ್ಸಿಯ ಎಂಬ ಹಳೆಯ ಆಂಗ್ಲ ರಾಜ್ಯ. ಹೆಸರಿನ ಅರ್ಥವೇ ‘ಗಡಿಯವರು’. 8ನೆಯ ಶತಮಾನದಲ್ಲಿ ಅದರ ಅರಸನಾದ ಆಫ ವೇಲ್ಸಿನ ಅಂಚಿನಲ್ಲಿ ಕಟ್ಟಿಸಿದ ಮಣ್ಣಿನ ಒಡ್ಡು ಇಂದಿಗೂ ಅಲ್ಲಲ್ಲಿ ಉಳಿದಿದೆ. ಮುಂದೆ ವೆಸೆಕ್ಸಿನ ಅರಸರು ಮೇಲುಗೈ ಪಡೆದರು. ಗ್ರಂಥಗಳೂ ಅವರ ನುಡಿಯಲ್ಲಿಯೇ ಹೆಚ್ಚಾಗಿ ಹುಟ್ಟಿದವು. ಆದರೆ ಇಂದಿನ ಶಿಷ್ಟ ಇಂಗ್ಲಿಷು ಬಹುಮಟ್ಟಿಗೆ ಬೆಳೆದುದು ಆ ಅರಮನೆಯ ನುಡಿಯಿಂದಲ್ಲ. ಮರ್ಸಿಯದವರ ಮಾತಿನ ಸಂತತಿಯಾದ ಪೂರ್ವ ಮಧ್ಯಸೀಮೆಯ ನುಡಿಯಿಂದ. ನಮ್ಮ ಕನ್ನಡವನ್ನು ಅಂಚಿನ ಮಾತೆಂದು ನಗುವ ಬಂಧುಗಳಿಗೆ ಇದನ್ನು ಹೇಳಬೇಕೆನಿಸುತ್ತದೆ.

ಸ್ಕಾಟ್ಲೆಂಡಿನ ಕೆಲವು ಊರುಗಳಲ್ಲಿ ಜನರು ವರ್ಷಕ್ಕೊಮ್ಮೆ ಕುದುರೆಯೇರಿ ತಮ್ಮ ಮಾರ್ಚನ್ನು, ಎಂದರೆ ಊರಿನ ಎಲ್ಲೆಯನ್ನು, ಸುತ್ತಿಬರುವರು. ಗಡಿಕಲ್ಲುಗಳು ಸ್ವಸ್ಥಾನದಲ್ಲಿವೆಯೇ ಎಂದು ನೋಡುವ ಹಳೆಯ ವಾಡಿಕೆಯದು. ನಮ್ಮ ಕಡೆ 1956ರ ನವೆಂಬರ್ 1ರಂದು ಎಲ್ಲೆ ತಲಪಾಡಿಯಲ್ಲಿ ನಿಂತಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯನ್ನು ಎಲ್ಲೆಯಾಗಿ ಸೂಚಿಸಿತು. ಅದು ಜಾರಿಗೆ ಬರಲಿಲ್ಲ. ಹೊಳೆಯ ಬಡಗಣ ದಡದ ಶಾಲೆಗಳಲ್ಲಿ ಮಕ್ಕಳು ಮಾರ್ಚ್ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದಾರೆ.