ಕೋಟೆ ಮೆಟ್ಟಿಲು, ಸಿಪಾಯಿಯ ವಯಸ್ಸು ಮತ್ತು ತೂಕ

ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಮಂಜರಾಬಾದ್ ಕೋಟೆ ಸಿಗುತ್ತದೆ. ಸುಮಾರು 250 ಮೆಟ್ಟಿಲು. ಹೈಸ್ಕೂಲ್ ಮಕ್ಕಳು ಓಡಿಕೊಂಡೇ ಹತ್ತುತ್ತಾರೆ. ನಲವತ್ತು ದಾಟಿದವರು ಅರ್ಧ ದಾರಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

ಟಿಪ್ಪು ಸುಲ್ತಾನ್ ಈ ಕೋಟೆ ಕಟ್ಟಿ ಮುಗಿಸಿದ್ದು 1792ರಲ್ಲಿ. ಎಂಟು ಮೂಲೆಯ ನಕ್ಷತ್ರದ ಆಕಾರ, 3,240 ಅಡಿ ಎತ್ತರ. ಕರಾವಳಿಯಿಂದ ಘಾಟಿ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡುವುದು ಉದ್ದೇಶ. ಮದ್ದು, ಗುಂಡು, ದವಸ ಎಲ್ಲವೂ ಗುಡ್ಡ ಏರಿಯೇ ಬರಬೇಕಿತ್ತು. ಇಲ್ಲಿನ ಕಾವಲಿನ ಸಿಪಾಯಿಗೆ ಗುಡ್ಡವೇ ದೈಹಿಕ ಪರೀಕ್ಷೆ.

ಈಗ ನಮ್ಮ ಕಾಲಕ್ಕೆ ಬರೋಣ. 1976ರಿಂದ ಜವಾನರ ಸೇವೆ 17 ವರ್ಷ ಎಂದಾಯಿತು. ಹದಿನೆಂಟಕ್ಕೆ ಸೇರಿದವರು ಮೂವತ್ತೈದರವರೆಗೆ ಸೇನೆಯಲ್ಲಿ ಇರುತ್ತಿದ್ದರು. 1999ರಲ್ಲಿ ಕಾರ್ಗಿಲ್ ಯುದ್ಧ ಬಂತು. ಅಲ್ಲಿನ ಟೈಗರ್ ಹಿಲ್ ನಮ್ಮ ಮಂಜರಾಬಾದಿನ ಐದು ಪಟ್ಟು ಎತ್ತರ. ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ, ಸೇನೆ ಸದಾ ಯುವಕರದ್ದಾಗಿರಬೇಕು, 17 ವರ್ಷದ ಸೇವೆಯನ್ನು 7ರಿಂದ 10 ವರ್ಷಕ್ಕೆ ಇಳಿಸಬೇಕು ಎಂದಿತು. 2022ರಲ್ಲಿ ಬಂದ ಅಗ್ನಿಪಥ ಯೋಜನೆ ಅದನ್ನು 4 ವರ್ಷಕ್ಕೆ ಇಳಿಸಿತು. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಜನರನ್ನು.

ವಯಸ್ಸಿಗೆ ಇಷ್ಟು ಬೆಲೆ ಏಕೆ? ಇಪ್ಪತ್ತೈದು, ಮೂವತ್ತರ ನಂತರ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ವ್ಯಾಯಾಮ ಬಿಡದವರಲ್ಲಿ ಈ ಇಳಿಕೆ ನಿಧಾನ.

ತೂಕದ ಲೆಕ್ಕ ಬೇರೆ. ಹತ್ತು ಕೆ.ಜಿ. ಬೊಜ್ಜು ಇದ್ದವರು ಹತ್ತು ಕೆ.ಜಿ. ಅಕ್ಕಿ ಚೀಲ ಹೊತ್ತೇ ಓಡಿದಂತೆ. ಹಾಗಂತ ತೀರಾ ಸಣಕಲು ಆದರೂ ಕಷ್ಟ. 20 ಕೆ.ಜಿ. ಹೊರೆ 80 ಕೆ.ಜಿ. ತೂಗುವವರಿಗೆ ಮೈತೂಕದ ಕಾಲು ಭಾಗ, 50 ಕೆ.ಜಿ.ಯವರಿಗೆ ಶೇ. 40. ಬರೀ ತಕ್ಕಡಿ ನೋಡಿದರೂ ಸಾಲದು. ಅದಕ್ಕೆ ಬೊಜ್ಜು ಯಾವುದು, ಮಾಂಸಖಂಡ ಯಾವುದು ಗೊತ್ತಾಗುವುದಿಲ್ಲ. ಹೊಟ್ಟೆಯ ಸುತ್ತಳತೆಯನ್ನೂ ನೋಡಬೇಕು.

ಆಲೂರು, ಸಕಲೇಶಪುರದ ಕಡೆ ಭರ್ತಿಗೆಂದು 1.6 ಕಿ.ಮೀ. ಓಟ ಅಭ್ಯಾಸ ಮಾಡುವ ಹುಡುಗರಿಗೆ ಒಂದು ಮಾತು: ಭರ್ತಿ ಹತ್ತಿರ ಬಂದಾಗ ಊಟ ಬಿಟ್ಟು ತೂಕ ಇಳಿಸಬೇಡಿ. ಕೊಬ್ಬಿನ ಜೊತೆ ಶಕ್ತಿಯೂ ಹೋಗುತ್ತದೆ. ರಾಗಿ, ಕಾಳು, ಮೊಟ್ಟೆ ತಿಂದು ತಿಂಗಳುಗಟ್ಟಲೆ ಓಡಿ.

ನಿವೃತ್ತರಾಗಿ ಊರಿಗೆ ಬಂದ ಅಣ್ಣಂದಿರಿಗೂ ಒಂದು ಮಾತು. ಬೆಳಗಿನ ಪಿ.ಟಿ. ನಿಂತಿತು, ಊಟದ ಅಳತೆ ಮಾತ್ರ ಹಳೆಯದೇ ಉಳಿಯಿತು ಎಂದರೆ ಎರಡೇ ವರ್ಷದಲ್ಲಿ ಬೆಲ್ಟಿಗೆ ಹೊಸ ತೂತು ಬೇಕಾಗುತ್ತದೆ. ಸೇನೆ ವಯಸ್ಸು ನೋಡಿ ಮನೆಗೆ ಕಳಿಸಿತು, ಸರಿ. ತೂಕ ಇನ್ನೂ ನಿಮ್ಮ ಕೈಯಲ್ಲೇ ಇದೆ. ಬೆಳಿಗ್ಗೆ ಅಭ್ಯಾಸಕ್ಕೆ ಹೊರಡುವ ಹುಡುಗರ ಜೊತೆ ನೀವೂ ಹೆಜ್ಜೆ ಹಾಕಿ. ಅವರಿಗೆ ಓಟ ಕಲಿಸುವವರು ಬೇಕಾಗಿದ್ದಾರೆ.