ಪರಿಸರ ಹಕ್ಕುಗಳು ಮತ್ತು ಓಂಬುಡ್ಸ್‌ಮನ್

ಆಡಳಿತದ ಲೋಪ, ವಿಳಂಬ, ಪಕ್ಷಪಾತ, ಅಧಿಕಾರ ದುರುಪಯೋಗಗಳ ಬಗ್ಗೆ ಜನರು ಕೊಡುವ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಪ್ರಾಧಿಕಾರಿಯೇ ಓಂಬುಡ್ಸ್‌ಮನ್. ಭಾರತದ ರಾಜ್ಯಗಳಲ್ಲಿ ಈ ಕೆಲಸ ಮುಖ್ಯವಾಗಿ ಲೋಕಾಯುಕ್ತರದು. ಶಿಕ್ಷೆ ವಿಧಿಸುವ ಅಧಿಕಾರ ಸಾಮಾನ್ಯವಾಗಿ ಈ ಹುದ್ದೆಗಿಲ್ಲ. ಕಡತ ತರಿಸಿ ಪರಿಶೀಲಿಸುವ, ಅಧಿಕಾರಿಗಳಿಂದ ವಿವರಣೆ ಪಡೆಯುವ, ಶಿಫಾರಸು ಸಹಿತ ವರದಿ ಕೊಡುವ ಅಧಿಕಾರವಿದೆ. ಕಾಡು, ಕೆರೆ, ಗಾಳಿ, ನೀರು ಕೆಡುವುದರ ಹಿಂದೆ ಅನೇಕ ಸಲ ಕೊಡಬಾರದಿದ್ದ ಒಂದು ಪರವಾನಗಿಯೋ ನಡೆಯದೆ ಹೋದ ಒಂದು ತಪಾಸಣೆಯೋ ಇರುತ್ತದೆ. ಅದರ ಸಾಕ್ಷ್ಯವಿರುವುದು ಕಚೇರಿಯ ಕಡತದಲ್ಲಿ. ಜನರ ಪರವಾಗಿ ಆ ಕಡತ ತೆರೆಸಬಲ್ಲದ್ದರಿಂದಲೇ ಪರಿಸರ ಹಕ್ಕುಗಳ ಇತಿಹಾಸದಲ್ಲಿ ಈ ಸಂಸ್ಥೆಗೆ ಮಹತ್ವ ಬಂದಿದೆ.

ಉಗಮ

ಸಂಸತ್ತು ನೇಮಿಸುವ ಓಂಬುಡ್ಸ್‌ಮನ್ ಹುದ್ದೆಗೆ ಸ್ವೀಡನ್ನಿನ 1809ರ ಸಂವಿಧಾನ ಅವಕಾಶ ಮಾಡಿತು. ಫಿನ್ಲೆಂಡ್, ಡೆನ್ಮಾರ್ಕ್‌ಗಳ ಬಳಿಕ 1962ರಲ್ಲಿ ನ್ಯೂಜಿಲೆಂಡ್ ಅದನ್ನು ಅಳವಡಿಸಿಕೊಂಡಿತು. ಭಾರತದಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಲೋಕಪಾಲ, ಲೋಕಾಯುಕ್ತ ಹುದ್ದೆಗಳನ್ನು ಶಿಫಾರಸು ಮಾಡಿತು.

ಪರಿಸರಕ್ಕೆಂದೇ ಹುದ್ದೆ

ನ್ಯೂಜಿಲೆಂಡ್ 1986ರ ಪರಿಸರ ಕಾಯ್ದೆಯಡಿ ಸಂಸದೀಯ ಪರಿಸರ ಆಯುಕ್ತರ ಹುದ್ದೆ ಸೃಷ್ಟಿಸಿತು. ಹೆಲೆನ್ ಹ್ಯೂಸ್ ಮೊದಲ ಆಯುಕ್ತೆ. 1998ರಲ್ಲಿ ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ಸಹಿಯಾದ ಒಪ್ಪಂದ ಪರಿಸರದ ಮಾಹಿತಿ ಪಡೆಯುವುದು, ತೀರ್ಮಾನಗಳಲ್ಲಿ ಪಾಲ್ಗೊಳ್ಳುವುದು, ನ್ಯಾಯ ಕೇಳುವುದು ಈ ಮೂರನ್ನೂ ಜನರ ಹಕ್ಕೆಂದು ಸಾರಿತು. ಮಾಹಿತಿ ನಿರಾಕರಿಸಿದಾಗ, ಅಹವಾಲು ಸಭೆ ಕಾಟಾಚಾರಕ್ಕೆ ನಡೆದಾಗ ವಕೀಲರ ಖರ್ಚಿಲ್ಲದೆ ಓಂಬುಡ್ಸ್‌ಮನ್ ಬಾಗಿಲು ತಟ್ಟಲು ಹಲವು ಯುರೋಪಿಯನ್ ದೇಶಗಳಲ್ಲಿ ಸಾಧ್ಯವಿದೆ. ಹಂಗೇರಿ 2008ರಲ್ಲಿ ಮುಂದಿನ ಪೀಳಿಗೆಗಳ ಪರವಾಗಿ ದನಿ ಎತ್ತಲೆಂದೇ ಸಾಂದೋರ್ ಫುಲೋಪ್ ಅವರನ್ನು ಸಂಸದೀಯ ಆಯುಕ್ತರನ್ನಾಗಿ ಆರಿಸಿತು.

ಕರ್ನಾಟಕದ ಅನುಭವ

ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ತನಿಖೆಯನ್ನು ರಾಜ್ಯ ಸರ್ಕಾರ 2007ರಲ್ಲಿ ಲೋಕಾಯುಕ್ತಕ್ಕೆ ವಹಿಸಿತು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ ಕೊಟ್ಟರು. ಅದಾದ ಮೇಲೂ ಅದಿರಿನ ಅಕ್ರಮ ಸಾಗಣೆ ನಿಲ್ಲಲಿಲ್ಲ. 2010ರಲ್ಲಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾಯಿತು.

ಅರಣ್ಯಾಧಿಕಾರಿ ಯು.ವಿ. ಸಿಂಗ್ ನೇತೃತ್ವದ ತಂಡ ಪರ್ಮಿಟ್‌ಗಳ ಲೆಕ್ಕವನ್ನು ಬಂದರುಗಳಿಂದ ಹೊರಹೋದ ಅದಿರಿನ ಲೆಕ್ಕದ ಜತೆ ತಾಳೆ ಹಾಕಿತು. ಪರ್ಮಿಟ್ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು ಅದಿರು ಹಡಗೇರಿತ್ತು. 2011ರ ಜುಲೈ 27ರಂದು ಸಲ್ಲಿಕೆಯಾದ ಅಂತಿಮ ವರದಿ 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ, ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದಿತು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ವರದಿಯ ಜತೆಗೆ ಜನರ ಹೋರಾಟವೂ ಸಾಗಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಗಂಭೀರ ಅಕ್ರಮ ನಡೆಸಿದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದ ಗಣಿಗಳಿಗೆ ನೆಲದ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ವರ್ಷಕ್ಕೆ ಬಳ್ಳಾರಿಗೆ 2.5 ಕೋಟಿ, ಉಳಿದೆರಡು ಜಿಲ್ಲೆಗಳಿಗೆ ಒಟ್ಟು 50 ಲಕ್ಷ ಟನ್ ಉತ್ಪಾದನೆಯ ಮಿತಿ ಬಿತ್ತು.

ಮಿತಿಗಳು

ಓಂಬುಡ್ಸ್‌ಮನ್ ಶಿಫಾರಸನ್ನು ಒಪ್ಪುವುದು ಬಿಡುವುದು ಬಹುತೇಕ ಕಡೆ ಸರ್ಕಾರಕ್ಕೆ ಬಿಟ್ಟದ್ದು. ಹುದ್ದೆಯ ಬಲವನ್ನೇ ಕುಗ್ಗಿಸುವುದೂ ಉಂಟು. ಹಂಗೇರಿಯಲ್ಲಿ 2012ರಿಂದ ಪ್ರತ್ಯೇಕ ಹುದ್ದೆ ಹೋಗಿ, ಮೂಲಭೂತ ಹಕ್ಕುಗಳ ಆಯುಕ್ತರ ಕೆಳಗಿನ ಉಪ ಆಯುಕ್ತರ ಸ್ಥಾನವಷ್ಟೇ ಉಳಿಯಿತು. ಕರ್ನಾಟಕದಲ್ಲಿ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾಗಿ ಲೋಕಾಯುಕ್ತ ಪೊಲೀಸರ ಅಧಿಕಾರ ಮೊಟಕಾಯಿತು; 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ ಮೇಲೆ ಆ ಅಧಿಕಾರ ಮರಳಿತು.

ಸ್ವಂತ ತನಿಖಾ ತಂಡ, ನೇಮಿಸಿದವರ ಮುಲಾಜಿಲ್ಲದ ಅಧಿಕಾರಾವಧಿ, ಎಲ್ಲರಿಗೂ ಸಿಗುವ ವರದಿ, ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಲ್ಲ ಜನ ಇವು ಕೂಡಿ ಬಂದಾಗ ಈ ಹುದ್ದೆ ಏನು ಮಾಡಬಲ್ಲದು ಎಂಬುದಕ್ಕೆ ಬಳ್ಳಾರಿಯೇ ನಿದರ್ಶನ. ಇವುಗಳಲ್ಲಿ ಒಂದು ತಪ್ಪಿದರೂ ದೂರುದಾರನ ಕೈಗೆ ಹಿಂಬರಹವಷ್ಟೇ ಸಿಗುತ್ತದೆ.